ಇಥಿಯೋಪಿಯಾ ದೇಶದ ಅನ್ನಪಾನಗಳು

ಆಫ್ರಿಕಾ ಖಂಡದ ಪೂರ್ವಭಾಗದಲ್ಲಿರುವ ಇಥಿಯೋಪಿಯಾ ದೇಶವು 'ಹಬಶಿ' ಎಂಬ ಶಬ್ದದ ಮೂಲಕ ದಕ್ಷಿಣಾಪಥಕ್ಕೆ ಹಿಂದಿನಿಂದಲೂ ಪರಿಚಿತವಾದುದು. ಅರಬ್ಬೀ ಭಾಷೆಯಲ್ಲಿ ಆ ದೇಶಕ್ಕೆ 'ಹಬಶ್' ಎಂದು ಹೆಸರು. ಅಹಮದ್‌ನಗರದ ರಾಜ್ಯವನ್ನು ಹದಿನೇಳನೆಯ ಶತಮಾನದ ಆದಿಭಾಗದಲ್ಲಿ ಎತ್ತಿಹಿಡಿದ ಮಲಿಕ್ ಅಂಬರನು ಅಲ್ಲಿ ಹುಟ್ಟಿದವನೇ. ಆದರೆ ಆ ದೇಶದ ಹೆಸರನ್ನೂ ಅಲ್ಲಿನ ವೀರರನ್ನೂ ಬಲ್ಲವರಲ್ಲಿ ಅಲ್ಲಿಯ ಜನರ ಊಟವನ್ನು ಬಲ್ಲವರು ವಿರಳ. ಆ ವಿಷಯವನ್ನು ಕುರಿತು ಬರೆಯುವವರಾದರೂ ಸಾಮಾನ್ಯವಾಗಿ ಒಂದೆರಡು ಉಪಮೆಗಳಿಂದ ತೃಪ್ತರಾಗುತ್ತಾರೆ: ಅಲ್ಲಿಯವರು ಒಂದು ಬಗೆಯ ಹುಳಿದೋಸೆಯನ್ನು ತಿನ್ನುತ್ತಾರೆ, ಜೇನಿನ ಮದ್ಯವನ್ನು ಕುಡಿಯುತ್ತಾರೆ, ಬಾಳೆಯಂಥ ಒಂದು ಗಿಡದ ದಿಂಡನ್ನು ಉಣ್ಣುತ್ತಾರೆ, ಎಂದು.

ನ್ಯಾಯಶಾಸ್ತ್ರದಲ್ಲಿ ಉಪಮಾನಪ್ರಮಾಣಕ್ಕೆ ಕೊಡುವ ಉದಾಹರಣೆ ಸುಪ್ರಸಿದ್ಧವಾದುದು. ಗವಯವೆಂಬ ಮೃಗವನ್ನು ಕಂಡರಿಯದ ಪಟ್ಟಣಿಗನಿಗೆ ಅರಣ್ಯವಾಸಿಯೊಬ್ಬನು ಅದು ಹಸುವನ್ನು ಹೋಲುವುದೆಂದು ತಿಳಿಸುತ್ತಾನೆ. ಮುಂದೆ ಆ ಪಟ್ಟಣಿಗನು ಕಾಡಿನಲ್ಲಿ ಅಂಥ ಮೃಗವನ್ನು ಕಂಡಾಗ, ಗವಯಶಬ್ದದಿಂದ ಹೇಳಲ್ಪಟ್ಟುದು ಇದೇ ಎಂದು ಅರಿಯುತ್ತಾನೆ. ಉಪಮಾನದ ಕಾರ್ಯ ಅಲ್ಲಿಗೆ ಮುಗಿಯಿತು. ಗವಯವು ಹಸುವೆಂದಾಗಲಿ, ಹಸುವಿನ ಸಂತತಿಯೆಂದಾಗಲಿ ಅದರಿಂದ ಸಿದ್ಧವಾಗುವುದಿಲ್ಲ. ಇಥಿಯೋಪಿಯಾದ ಅನ್ನಪಾನಗಳ ವಿಚಾರದಲ್ಲಿ ಈ ವಿವೇಕವು ಬಹಳ ಅವಶ್ಯಕ. ಏಕೆಂದರೆ ಅಲ್ಲಿ ನಮ್ಮದನ್ನು ಹೋಲುವ ಪದಾರ್ಥಗಳಿಗೂ ನಮ್ಮದಕ್ಕೂ ಬಹುಮಟ್ಟಿಗೆ ಯಾವ ಸಂಬಂಧವೂ ಇಲ್ಲ. ನಿಜವಾದ ಸಂಬಂಧವಿರುವ ಪದಾರ್ಥಗಳಾದರೋ ಹೋಲಿಕೆಯನ್ನು ಹುಡುಕುವವರ ಕಣ್ಣಿಗೆ ಬೀಳುವುದೇ ಇಲ್ಲ.

ಮೊದಲು ದೇಶದ ಸ್ವರೂಪ. ಅಲ್ಲಿಯ ಜನರು ತಮ್ಮ ಭೂಮಿಯನ್ನು ಎತ್ತರವನ್ನನುಸರಿಸಿ ವಿಭಾಗಿಸುತ್ತಾರೆ. ಶೀತಲವಾದ ಮೇಲ್ನಾಡಿಗೆ 'ದೆಗಾ' ಎಂದೂ, ಉಷ್ಣವಾದ ತಗ್ಗುನಾಡಿಗೆ 'ಕೊಲ್ಲಾ' ಎಂದೂ, ಇವೆರಡರ ನಡುವಣ ಸಮಶೀತೋಷ್ಣ ಭಾಗಕ್ಕೆ 'ವೊಯ್ನಾ ದೆಗಾ' ಎಂದೂ ಹೆಸರು. 'ವೊಯ್ನಾ' ಎಂದರೆ ದ್ರಾಕ್ಷಿ; ಹೀಗೆ ನಡುನಾಡು ದ್ರಾಕ್ಷಿಯ ಮೇಲ್ನಾಡೆಂದು ಕರೆಯಲ್ಪಟ್ಟಿದೆ. ಉತ್ತರದ ಮತ್ತು ಮಧ್ಯದ ಎತ್ತರದ ಪ್ರದೇಶಗಳಲ್ಲಿ ಎತ್ತಿನ ನೇಗಿಲಿನಿಂದ ಉತ್ತು ಧಾನ್ಯ ಬೆಳೆಯುವವರಿದ್ದಾರೆ; ನೈರೃತ್ಯದಲ್ಲಿ ಎನ್ಸೆಟ್ ಎಂಬ ಗಿಡವನ್ನೇ ನಂಬಿದವರಿದ್ದಾರೆ; ಪೂರ್ವದ ತಗ್ಗುನಾಡಿನಲ್ಲಿ ಒಂಟೆ ದನಗಳನ್ನು ಕಾಯುತ್ತ ಹಾಲಿನಿಂದಲೇ ಬಹುಮಟ್ಟಿಗೆ ಜೀವಿಸುವ ಅಫಾರರು, ಸೋಮಾಲಿಗಳು ಮೊದಲಾದವರಿದ್ದಾರೆ. ಆದಕಾರಣ 'ಇಥಿಯೋಪಿಯಾದ ಆಹಾರ' ಎಂಬ ಏಕವಚನವೇ ಸ್ವಲ್ಪ ಅಲಕ್ಷ್ಯದ ಮಾತು.

ಮೇಲ್ನಾಡಿನ ಮುಖ್ಯ ಧಾನ್ಯವು ಟೆಫ್. ಇದು ಹುಲ್ಲಿನ ಜಾತಿಯ ಬೆಳೆ. ಇದರ ಕಾಳು ಒಂದು ಮಿಲಿಮೀಟರಿನಷ್ಟು ಮಾತ್ರ ಉದ್ದವಾಗಿರುತ್ತದೆ. ಒಂದು ಗೋಧಿಯ ಕಾಳಿನ ತೂಕಕ್ಕೆ ಸುಮಾರು ೧೫೦ ಟೆಫ್ ಕಾಳುಗಳು ಬೇಕೆಂದು ಲೆಕ್ಕ ಹೇಳುವುದುಂಟು. ಅಮ್ಹಾರಿಕ್ ಭಾಷೆಯಲ್ಲಿ 'ತೆಫ್ಫಾ' ಎಂದರೆ 'ಕಳೆದುಹೋಯಿತು' ಎಂದರ್ಥ. ಕೈಯಿಂದ ಜಾರಿದರೆ ಮತ್ತೆ ಸಿಕ್ಕದ ಕಾಳಾದುದರಿಂದ ಈ ಹೆಸರು ಬಂದಿತೆಂದು ಅಲ್ಲಿಯ ಜನರು ಹೇಳುತ್ತಾರೆ. ಶಬ್ದನಿಷ್ಪತ್ತಿಯ ದೃಷ್ಟಿಯಿಂದ ಇದನ್ನು ಪ್ರಮಾಣವೆಂದು ಹಿಡಿಯುವುದು ಕಷ್ಟ. ಹೆಸರಿಗೆ ಒಂದು ಕಥೆಯನ್ನು ಹೊಂದಿಸುವ ಪ್ರವೃತ್ತಿ ಎಲ್ಲ ದೇಶಗಳಲ್ಲಿಯೂ ಇರುವುದೇ. ಆದರೂ ಕಾಳಿನ ಸ್ವಭಾವವನ್ನು ಇದಕ್ಕಿಂತ ಚೆನ್ನಾಗಿ ವರ್ಣಿಸುವ ಮಾತು ಬೇರೊಂದಿಲ್ಲ. ಬಿಳಿಯದು, ಕೆಂಪು, ಎರಡೂ ಬೆರೆತುದು ಎಂಬ ಭೇದಗಳಿದ್ದು, ಬಿಳಿಯ ಟೆಫ್ಫಿಗೆ ಪೇಟೆಯಲ್ಲಿ ಹೆಚ್ಚು ಬೆಲೆ, ಹೆಚ್ಚು ಗೌರವ. ಕೆಂಪಿನಲ್ಲಿ ಪುಷ್ಟಿ ಅಧಿಕವೆಂದು ಈಚಿನ ಪರೀಕ್ಷಕರು ಹೇಳಲಾರಂಭಿಸಿದ ಮೇಲೆ ಅದರ ಮರ್ಯಾದೆಯೂ ತಕ್ಕಮಟ್ಟಿಗೆ ಏರಿದೆ.

ಟೆಫ್ಫಿನ ಹಿಟ್ಟಿನಿಂದ ಮಾಡುವ ಇಂಜೆರಾ ಎಂಬುದೇ ಮೇಲ್ನಾಡಿನವರ ಅನ್ನ. ಅದನ್ನು ಮಾಡುವ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯ. ಹಿಟ್ಟನ್ನು ನೀರಿನಲ್ಲಿ ಕಲಸಿ, ಹಿಂದಿನ ಸಲದ ಹುದುಗಿನ ಮೇಲೆ ತೇಲಿದ ಹಳದಿಯ ತಿಳಿಯನ್ನು ಅದಕ್ಕೆ ಬೆರೆಸುತ್ತಾರೆ. ಈ ತಿಳಿಗೆ 'ಎರ್ಶೋ' ಎಂದು ಹೆಸರು. ನಮ್ಮ ಮನೆಗಳಲ್ಲಿ ಹಾಲಿಗೆ ಹೆಪ್ಪು ಹೇಗೋ ಹಾಗೆ ಇದು ಒಂದು ಪಾಕದಿಂದ ಮತ್ತೊಂದಕ್ಕೆ ಅವಿಚ್ಛಿನ್ನವಾಗಿ ನಡೆದುಬರುತ್ತದೆ. ಎರಡು ಮೂರು ದಿನಗಳಲ್ಲಿ ಹಿಟ್ಟು ಹುಳಿಯುತ್ತದೆ. ಆಗ ಮೇಲಿನ ತಿಳಿಯನ್ನು ಬಸಿದು, ಹಿಟ್ಟಿನ ಒಂದು ಭಾಗವನ್ನು ತೆಗೆದು ಕುದಿಯುವ ನೀರಿನಲ್ಲಿ ಗಂಜಿಯಂತೆ ಬೇಯಿಸಿ, ಆರಿದ ಮೇಲೆ ಪುನಃ ಮೂಲದ ಹಿಟ್ಟಿಗೇ ಸೇರಿಸುತ್ತಾರೆ. 'ಅಬ್ಸಿತ್' ಎಂಬ ಈ ಸಂಸ್ಕಾರವೇ ಇಂಜೆರಾದ ರಹಸ್ಯ. ಗೋಧಿಯಲ್ಲಿರುವ ಅಂಟು ಟೆಫ್ಫಿನಲ್ಲಿಲ್ಲ. ಬೆಂದ ಗಂಜಿಯು ಆ ಅಂಟಿನ ಸ್ಥಾನದಲ್ಲಿ ನಿಂತು ಹುದುಗಿನ ವಾಯುವನ್ನು ಹಿಡಿದಿಡುತ್ತದೆ. ಹಿಟ್ಟು ಮತ್ತೊಮ್ಮೆ ಉಬ್ಬಿದ ಮೇಲೆ, 'ಮಿತಾದ್' ಎಂಬ ಸುಮಾರು ಎರಡಡಿ ಅಗಲದ ಮಣ್ಣಿನ ಕಾವಲಿಯ ಮೇಲೆ ಅಂಚಿನಿಂದ ಒಳಕ್ಕೆ ಸುತ್ತುಸುತ್ತಾಗಿ ಹೊಯ್ದು, ಕಣ್ಣುಗಳು ಮೂಡಿದೊಡನೆ ಮುಚ್ಚಳವನ್ನಿಟ್ಟು ಆವಿಯಲ್ಲಿ ಬೇಯಿಸುತ್ತಾರೆ. ಮಗುಚಿ ಹಾಕುವುದಿಲ್ಲ. ಮೇಲಿನ ರಂಧ್ರಗಳಿಗೆ ಅವರ ಭಾಷೆಯಲ್ಲಿಯೂ 'ಕಣ್ಣು' ಎಂದೇ ಹೆಸರು. ಕಣ್ಣು ಸರಿಯಾಗಿ ಮೂಡದ ಇಂಜೆರಾವು ಮಾಡಿದವಳಿಗೆ ಅಗೌರವ. ಕಾವಲಿಗೆ ಎಣ್ಣೆಯನ್ನು ಹಾಕದೆ ಎಣ್ಣೆಬೀಜಗಳ ಪುಡಿಯನ್ನು ಉಜ್ಜುವುದು ಹಿಂದಿನ ಪದ್ಧತಿ.

ದೋಸೆಯ ಉಪಮೆಯು ಎಷ್ಟು ದೂರ ನಡೆಯುತ್ತದೆಂಬುದನ್ನು ಇಲ್ಲಿ ನೋಡಬಹುದು. ಹುಳಿಯಿಸುವುದು, ಕಾವಲಿಯ ಮೇಲೆ ಹೊಯ್ಯುವುದು, ಕಣ್ಣು ಬೀಳುವುದು, ಇಷ್ಟು ಸಮಾನ. ಆದರೆ ದೋಸೆಯಲ್ಲಿ ಅಕ್ಕಿಗೆ ಉದ್ದು ಸೇರುತ್ತದೆ, ಇಂಜೆರಾದಲ್ಲಿ ಬೇಳೆಯಿಲ್ಲ. ಅಬ್ಸಿತ್ ಎಂಬ ಮಧ್ಯದ ಸಂಸ್ಕಾರಕ್ಕೆ ದೋಸೆಯಲ್ಲಿ ಸ್ಥಾನವಿಲ್ಲ. ಇವೆಲ್ಲಕ್ಕಿಂತ ಹೆಚ್ಚಿನ ಭೇದವು ಪ್ರಯೋಜನದಲ್ಲಿದೆ. ದೋಸೆಯು ಎಲೆಯ ಮೇಲೆ ಬೀಳುವ ಪದಾರ್ಥಗಳಲ್ಲಿ ಒಂದು. ಇಂಜೆರಾ ತಾನೇ ಎಲೆ, ತಾನೇ ಅನ್ನ. 'ಮೆಸೋಬ್' ಎಂಬ ಹೆಣೆದ ಬುಟ್ಟಿಯಂಥ ಪೀಠದ ಮೇಲೆ ಅದನ್ನು ಹಾಸಿ, ಅದರ ಮೇಲೆಯೇ ವ್ಯಂಜನಗಳನ್ನು ಬಡಿಸಿ, ಮನೆಯವರೆಲ್ಲ ಸುತ್ತಲೂ ಕುಳಿತು ಒಂದೇ ಇಂಜೆರಾದಿಂದ ಬಲಗೈಯಿಂದ ಮುರಿದು ತಿನ್ನುತ್ತಾರೆ. ಪ್ರೀತಿಪಾತ್ರರ ಬಾಯಿಗೆ ತುತ್ತನ್ನು ತಾವೇ ಇಡುವುದುಂಟು. ಅದಕ್ಕೆ 'ಗುರ್ಶಾ' ಎನ್ನುವರು. ಎಂಜಲಿನ ವಿಚಾರವನ್ನು ಚಿಕ್ಕಂದಿನಿಂದ ಕೇಳಿ ಬೆಳೆದ ನಮ್ಮವರಿಗೆ ಇದು ವಿಚಿತ್ರವಾಗಿ ತೋರಬಹುದು. ಅವರಿಗಾದರೋ ಬೇರೆ ಬೇರೆ ತಟ್ಟೆಗಳಲ್ಲಿ ಉಣ್ಣುವುದೇ ಸ್ನೇಹಹೀನತೆಯ ಲಕ್ಷಣ.

ಭಾಷೆಯಲ್ಲಿ ಇಂಜೆರಾ ಎಷ್ಟು ಆಳವಾಗಿ ಇಳಿದಿದೆಯೆಂಬುದಕ್ಕೆ ಒಂದೇ ನಿದರ್ಶನ ಸಾಕು. ಅಮ್ಹಾರಿಕ್‌ನಲ್ಲಿ ಮಲತಂದೆಗೆ 'ಯೆಂಜೆರಾ ಅಬ್ಬಾತ್' ಎಂದೂ, ಮಲತಾಯಿಗೆ 'ಯೆಂಜೆರಾ ಇನ್ನಾತ್' ಎಂದೂ ಹೆಸರು. ಎಂದರೆ 'ಇಂಜೆರಾದ ತಂದೆ', 'ಇಂಜೆರಾದ ತಾಯಿ'. ಜನ್ಮದಿಂದಲ್ಲದೆ ಅನ್ನದಿಂದ ಬಂದ ಸಂಬಂಧವೆಂಬುದು ಇದರ ತಾತ್ಪರ್ಯ. ಕನ್ನಡದ 'ಮಲ' ಶಬ್ದದಲ್ಲಿರುವ ಕಹಿಗೂ ಈ ಪದದ ದೃಷ್ಟಿಗೂ ಇರುವ ಅಂತರವನ್ನು ಭಾಷಾಭ್ಯಾಸಿಗಳು ಗಮನಿಸತಕ್ಕದ್ದು. ಇಂಥ ಪದವನ್ನು ಅನುವಾದಿಸುವಾಗ ಇಂಜೆರಾಕ್ಕೆ 'ದೋಸೆ' ಎಂದಿಟ್ಟರೆ ದೊರೆಯುವುದು 'ದೋಸೆಯ ತಂದೆ'. ಅರ್ಥವು ಹಾಸ್ಯಕ್ಕೆ ತಿರುಗುತ್ತದೆ. ಅಲ್ಲಿ ಹೊಂದುವ ಶಬ್ದವು 'ಅನ್ನ' ಒಂದೇ.

ಟೆಫ್ಫಿನ ಹಿಟ್ಟನ್ನು ಕುರಿತು ಯುರೋಪಿನಲ್ಲಿ ನಡೆದ ಒಂದು ವ್ಯಾಜ್ಯವನ್ನು ಇಲ್ಲಿಯೇ ಹೇಳಬಹುದು. ಹಾಲೆಂಡಿನ ಸಂಸ್ಥೆಯೊಂದು ಆ ಹಿಟ್ಟಿನ ಸಂಸ್ಕಾರದ ಮೇಲೆ ೨೦೦೭ರಲ್ಲಿ ಪೇಟೆಂಟ್ ಹಕ್ಕನ್ನು ಪಡೆಯಿತು. ಅದರಲ್ಲಿ ಹೊಸ ಕಲ್ಪನೆಯೇನೂ ಇಲ್ಲವೆಂದು ಹೇಗ್ ನಗರದ ನ್ಯಾಯಾಲಯವು ಆ ಹಕ್ಕನ್ನು ೨೦೧೮ರಲ್ಲಿ ಹಾಲೆಂಡಿನ ಮಟ್ಟಿಗೆ ರದ್ದುಪಡಿಸಿತು. ಅಜ್ಜಿಯಿಂದ ಮೊಮ್ಮಗಳಿಗೆ ನಡೆದುಬಂದ ವಿದ್ಯೆಯು ಗ್ರಂಥಸ್ಥವಾಗದಿದ್ದರೆ ಅದು ಯಾರದೂ ಅಲ್ಲವೆಂದು ಬಗೆಯುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ.

ಇಂಜೆರಾದ ಮೇಲೆ ಬಡಿಸುವ ಮುಖ್ಯ ವ್ಯಂಜನಕ್ಕೆ 'ವತ್' ಎನ್ನುವರು. ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ, ಮೊದಲು ಎಣ್ಣೆ ಬೆಣ್ಣೆಗಳಿಲ್ಲದೆಯೇ ಪಾತ್ರೆಯಲ್ಲಿ ಬಹಳ ಹೊತ್ತು ಬಾಡಿಸುವುದು ಇದರ ಆರಂಭ. ಅನಂತರ 'ಬೆರ್ಬೆರೆ' ಎಂಬ ಕೆಂಪು ಮಸಾಲೆಯ ಪುಡಿಯೂ, ಕೊರೆರಿಮಾ ಎಂಬ ಆ ದೇಶದ ಏಲಕ್ಕಿ ಮುಂತಾದವುಗಳನ್ನು ಹಾಕಿ ಕಾಯಿಸಿದ ತುಪ್ಪವೂ ಸೇರುತ್ತವೆ. ಬೆರ್ಬೆರೆಯ ಜೀವವಾದ ಮೆಣಸಿನಕಾಯಿ ಅಮೆರಿಕಾದಿಂದ ಬಂದುದಾದುದರಿಂದ, ಹದಿನಾರನೆಯ ಶತಮಾನಕ್ಕೆ ಹಿಂದಿನ ವತ್ತು ಇಂದಿನ ಬಣ್ಣದ್ದಾಗಿರಲಾರದು. ನಮ್ಮ ಸಾರಿನ ವಿಷಯದಲ್ಲಿಯೂ ಇದೇ ಮಾತನ್ನು ಹೇಳಬೇಕಾಗುತ್ತದೆ. ಬೆರ್ಬೆರೆಯಿಲ್ಲದೆ ಅರಿಸಿನದಿಂದ ಮಾಡುವ ಸೌಮ್ಯವಾದ ಪಾಕಕ್ಕೆ 'ಅಲಿಚಾ' ಎಂದು ಹೆಸರು.

ಈ ಪಾಕಶಾಸ್ತ್ರವನ್ನು ರೂಪಿಸಿದುದು ಮುಖ್ಯವಾಗಿ ಉಪವಾಸ. ಅಲ್ಲಿಯ ಪ್ರಾಚೀನ ಕ್ರೈಸ್ತ ಸಂಪ್ರದಾಯದಲ್ಲಿ, ಈಸ್ಟರ್ ಹಬ್ಬದ ಮುಂದಿನ ಐವತ್ತು ದಿನಗಳನ್ನು ಬಿಟ್ಟರೆ, ಪ್ರತಿ ಬುಧವಾರವೂ ಶುಕ್ರವಾರವೂ ಉಪವಾಸ. ಇದಲ್ಲದೆ ಈಸ್ಟರಿಗೆ ಮೊದಲು ೫೫ ದಿನಗಳ ಮಹೋಪವಾಸವೂ, ಬೇರೆ ಬೇರೆ ಋತುಗಳ ವ್ರತಗಳೂ ಸೇರಿ, ಗೃಹಸ್ಥರಿಗೇ ವರ್ಷದಲ್ಲಿ ಸುಮಾರು ೧೮೦ ದಿನಗಳಾಗುತ್ತವೆ. ಪುರೋಹಿತರಿಗೂ ಸಂನ್ಯಾಸಿಗಳಿಗೂ ಇನ್ನೂ ಹೆಚ್ಚು. ಉಪವಾಸವೆಂದರೆ ಮಧ್ಯಾಹ್ನ ಕಳೆಯುವವರೆಗೆ ನಿರಾಹಾರ. ಆಮೇಲೆ ಉಣ್ಣುವಾಗಲೂ ಮಾಂಸ, ಮೊಟ್ಟೆ ಮಾತ್ರವಲ್ಲದೆ ಹಾಲು, ಬೆಣ್ಣೆ, ತುಪ್ಪಗಳೂ ನಿಷಿದ್ಧ. ಆದುದರಿಂದ ಮಾಂಸಪ್ರಿಯರೆಂದು ಪ್ರಸಿದ್ಧರಾದ ಈ ಜನರು ವರ್ಷದ ಅರ್ಧಭಾಗದಲ್ಲಿ ನಮ್ಮ ಸಸ್ಯಾಹಾರಿಗಳಿಗಿಂತಲೂ ಕಠಿನವಾದ ನಿಯಮದಲ್ಲಿರುತ್ತಾರೆ. ಕಡಲೆ, ಬಟಾಣಿ, ಮಸೂರ, ಅವರೆಯಂಥ ದೊಡ್ಡಕಾಳು, ಸೊಪ್ಪು, ಇವುಗಳಿಂದ ಮಾಡುವ ನಾನಾ ವ್ಯಂಜನಗಳೆಲ್ಲ ಈ ನಿಯಮದ ಫಲ. ಹುರಿದ ಕಾಳಿನ ಹಿಟ್ಟನ್ನು ಕುದಿಸಿದ 'ಶಿರೋ' ಎಂಬುದು ಬಡವರ ಮನೆಯಲ್ಲಿಯೂ ಶ್ರೀಮಂತರ ಮನೆಯಲ್ಲಿಯೂ ಒಂದೇ ರೀತಿಯಲ್ಲಿ ಸಲ್ಲುತ್ತದೆ. ತುಪ್ಪವು ನಿಷಿದ್ಧವಾದ ದಿನಗಳಲ್ಲಿ ಅದರ ಸ್ಥಾನದಲ್ಲಿ ನಿಲ್ಲುವುದು 'ನೂಗ್' ಎಂಬ ಕರಿಯ ಬೀಜದ ಎಣ್ಣೆ. ಇದರ ವಿಚಾರವು ಮುಂದೆ ಬರುತ್ತದೆ.

ಮಾಂಸದ ವಿಷಯವಾಗಿ ಹೆಚ್ಚು ಹೇಳಬೇಕಾದುದಿಲ್ಲ. ಉಪವಾಸವು ಮುಗಿದ ಹಬ್ಬದಲ್ಲಿ ಕೋಳಿಯನ್ನು ಹನ್ನೆರಡು ತುಂಡುಗಳಾಗಿ ವಿಭಾಗಿಸಿ, ಬೆಂದ ಮೊಟ್ಟೆಗಳೊಡನೆ 'ದೋರೋ ವತ್' ಮಾಡುವುದು ಸಂಪ್ರದಾಯ. ಗುರಾಗೆ ಜನರ 'ಕಿತ್ಫೋ' ಎಂಬುದು ಕೊಚ್ಚಿದ ಹಸಿಮಾಂಸಕ್ಕೆ ತುಪ್ಪವನ್ನೂ ಖಾರವನ್ನೂ ಬೆರೆಸಿದುದು. ಸ್ಕಾಟ್ಲೆಂಡಿನ ಜೇಮ್ಸ್ ಬ್ರೂಸನು ೧೭೬೯ರಲ್ಲಿ ಆ ದೇಶಕ್ಕೆ ಹೋಗಿ, ೧೭೯೦ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಹಸಿಮಾಂಸದ ಭೋಜನಗಳನ್ನು ವರ್ಣಿಸಿದಾಗ ಲಂಡನ್ನಿನ ಪಂಡಿತಮಂಡಲಿಯು ಆತನನ್ನು ಸುಳ್ಳುಗಾರನೆಂದು ನಕ್ಕಿತು. ಆತನ ವರ್ಣನೆಯಲ್ಲಿ ಅತಿಶಯೋಕ್ತಿ ಇಲ್ಲವೆನ್ನಲಾಗದು. ಆದರೆ ಹಸಿಮಾಂಸವನ್ನು ತಿನ್ನುವ ಸಂಗತಿಯನ್ನು ಆತನಿಗೆ ಎರಡೂವರೆ ಶತಮಾನಗಳ ಹಿಂದೆ, ೧೫೨೦ರಿಂದ ಆರು ವರ್ಷ ಅಲ್ಲಿದ್ದ ಪೋರ್ತುಗೀಸ್ ಪಾದ್ರಿ ಅಲ್ವಾರೆಸನೇ ಬರೆದಿಟ್ಟಿದ್ದನು. ಕ್ರೈಸ್ತರು ಕೊಯ್ದುದನ್ನು ಮುಸಲ್ಮಾನರೂ, ಮುಸಲ್ಮಾನರು ಕೊಯ್ದುದನ್ನು ಕ್ರೈಸ್ತರೂ ತಿನ್ನದಿರುವುದು ಅಲ್ಲಿಯ ಹಳೆಯ ಕಟ್ಟು.

ಇನ್ನು ಎನ್ಸೆಟ್. ಗುರಾಗೆ, ಸಿದಾಮಾ, ಗೆದೆಯೋ, ಹದಿಯಾ ಮೊದಲಾದ ದಕ್ಷಿಣದ ಜನಾಂಗಗಳಿಗೆ ಇದೇ ಪ್ರಾಣಾಧಾರ. ಇದನ್ನು ಆಶ್ರಯಿಸಿದವರ ಸಂಖ್ಯೆ ಎರಡು ಕೋಟಿಗೆ ಸಮೀಪವೆಂದು ಗಣಿಸಿದ್ದಾರೆ. ನೋಡುವುದಕ್ಕೆ ಬಾಳೆಯೇ, ಸಸ್ಯಶಾಸ್ತ್ರಜ್ಞರೂ ಇದನ್ನು ಬಾಳೆಯ ಕುಟುಂಬಕ್ಕೇ ಸೇರಿಸಿದ್ದಾರೆ. ಆದರೆ ಇದರ ಹಣ್ಣನ್ನು ಯಾರೂ ತಿನ್ನುವುದಿಲ್ಲ. ಈ ಕಾರಣದಿಂದ ಆಂಗ್ಲಭಾಷೆಯವರು ಇದಕ್ಕೆ 'ಸುಳ್ಳುಬಾಳೆ' ಎಂಬರ್ಥದ ಹೆಸರನ್ನು ಇಟ್ಟಿದ್ದಾರೆ. ಗಿಡವು ನಾಲ್ಕರಿಂದ ಏಳು ವರ್ಷ ಬೆಳೆದ ಮೇಲೆ, ಹೂ ಬಿಡುವ ಕಾಲಕ್ಕೆ ಅದನ್ನು ಕಡಿಯುತ್ತಾರೆ. ದಿಂಡಿನ ಪಟ್ಟೆಗಳನ್ನು ಹಲಗೆಗೆ ಒರಗಿಸಿ, ಬಿದಿರಿನ ಸಲಾಕೆಯಿಂದ ತಿರುಳನ್ನು ಕೆರೆದು ನಾರನ್ನು ಬೇರ್ಪಡಿಸುವುದು ಸ್ತ್ರೀಯರ ಕೆಲಸ. ಇದರಷ್ಟು ಶ್ರಮದ ಅಡಿಗೆಕೆಲಸವು ಬೇರೆಡೆ ವಿರಳ. ಆ ತಿರುಳನ್ನೂ ತುರಿದ ಗೆಡ್ಡೆಯನ್ನೂ ಬೆರೆಸಿ, ಎನ್ಸೆಟ್ಟಿನ ಎಲೆಗಳನ್ನೇ ಹಾಸಿದ ನೆಲದ ಗುಳಿಯಲ್ಲಿ ತುಂಬಿ, ಮೇಲೆ ಎಲೆಯನ್ನು ಹೊದಿಸಿ ಭಾರವಿಡುತ್ತಾರೆ. ತಿಂಗಳುಗಟ್ಟಲೆ ಹುದುಗಿದ ಆ ಪದಾರ್ಥಕ್ಕೆ 'ಕೋಚೋ' ಎಂದು ಹೆಸರು. ಬೇಕಾದಾಗ ಬೇಕಾದಷ್ಟನ್ನು ತೆಗೆದು, ಹಿಂಡಿ, ಕೊಚ್ಚಿ, ಎಲೆಯಲ್ಲಿ ಸುತ್ತಿ ರೊಟ್ಟಿ ಸುಡುತ್ತಾರೆ. ಕೆರೆಯುವಾಗ ಹಿಂಡಿದ ರಸವು ತಳದಲ್ಲಿ ನಿಂತರೆ ಅದು 'ಬುಲಾ' ಎಂಬ ಬಿಳಿಯ ಸತ್ತ್ವ. ಎಳೆಯ ಗಿಡದ ಗೆಡ್ಡೆಯನ್ನು ಬೇಯಿಸಿದರೆ 'ಅಮೀಚೋ'. ನಾರಿನಿಂದ ಹಗ್ಗವಾಗುತ್ತದೆ, ಎಲೆಯು ದನಕ್ಕೆ ಮೇವಾಗುತ್ತದೆ. ಮಳೆ ಹೋದ ವರ್ಷದಲ್ಲಿ ಧಾನ್ಯದ ಹೊಲವು ಬರಿದಾದರೂ ಹಿತ್ತಿಲಿನ ಎನ್ಸೆಟ್ ನಿಂತಿರುತ್ತದೆ, ಗುಳಿಯಲ್ಲಿ ಕೋಚೋ ಇರುತ್ತದೆ. ಇಷ್ಟು ಸತ್ಯವಾದ ಗಿಡಕ್ಕೆ ಸುಳ್ಳಿನ ವಿಶೇಷಣವನ್ನು ಹಚ್ಚಿದುದು ಉಪಮಾನದ ದೋಷವೇ ಹೊರತು ಗಿಡದ ದೋಷವಲ್ಲ.

ಬಾರ್ಲಿಯೆಂದು ಈಗ ಕರೆಯುವ ಯವಧಾನ್ಯದಿಂದ ಮಾಡುವ ಎರಡು ಆಹಾರಗಳು ಸಂಸ್ಕೃತಜ್ಞರಿಗೆ ಕುತೂಹಲಕರವಾದುವು. ಯವವನ್ನು ಹುರಿದು ಬೀಸಿದ ಹಿಟ್ಟು 'ಬೆಸ್ಸೋ'. ಪ್ರಯಾಣಿಕರು ಇದನ್ನು ಗಂಟುಕಟ್ಟಿಕೊಂಡು ಹೋಗಿ, ದಾರಿಯಲ್ಲಿ ನೀರು ಬೆರೆಸಿ ಉಣ್ಣುತ್ತಾರೆ. ವೇದಗಳಲ್ಲಿ ಬರುವ ಸಕ್ತುವನ್ನು ಇದು ಸರ್ವಥಾ ಹೋಲುತ್ತದೆ. ಆದರೆ ಯವವನ್ನು ಬೆಳೆಯುವ, ದೂರ ನಡೆಯುವ ಜನರಿಗೆ ಹುರಿದ ಹಿಟ್ಟು ತಾನಾಗಿಯೇ ಹೊಳೆಯತಕ್ಕದ್ದು; ಟಿಬೆಟ್ಟಿನವರಿಗೂ ಅದು ಹೊಳೆದಿದೆ. ಮತ್ತೊಂದು 'ಗೆನ್ಫೋ'. ಕುದಿಯುವ ನೀರಿಗೆ ಹಿಟ್ಟನ್ನು ಹಾಕಿ ಗಟ್ಟಿಯಾಗಿ ತೊಳಸಿ ಮಾಡಿದ ಮುದ್ದೆ. ನಡುವೆ ಗುಳಿಮಾಡಿ ಬೆರ್ಬೆರೆ ಕೂಡಿದ ತುಪ್ಪವನ್ನು ತುಂಬುತ್ತಾರೆ. ಬಾಣಂತಿಯರಿಗೆ ಇದನ್ನು ವಿಶೇಷವಾಗಿ ಕೊಡುತ್ತಾರೆ.

ಪಾನೀಯಗಳಲ್ಲಿ ಅಗ್ರಗಣ್ಯವಾದುದು 'ತೆಜ್'. ಜೇನನ್ನು ನೀರಿನಲ್ಲಿ ಕದಡಿ, 'ಗೇಶೋ' ಎಂಬ ಪೊದೆಯ ಎಲೆ ಕಡ್ಡಿಗಳನ್ನು ಹಾಕಿ ಹುದುಗಿಸಿದರೆ ತೆಜ್. ಗೇಶೋ ಜೇನಿನ ಮಾಧುರ್ಯಕ್ಕೆ ಕಹಿಯನ್ನು ಕೂಡಿಸುತ್ತದೆ. ಹಿಂದೆ ಇದು ರಾಜರಿಗೂ ಪ್ರಭುಗಳಿಗೂ ಮೀಸಲಾದ ಪಾನವಾಗಿದ್ದಿತು. 'ಬೆರೆಲೆ' ಎಂಬ ಉದ್ದ ಕತ್ತಿನ ಗಾಜಿನ ಪಾತ್ರೆಯಿಂದ ಇದನ್ನು ಕುಡಿಯುತ್ತಾರೆ. ಹುದುಗಿಸದ ಜೇನುನೀರು 'ಬಿರ್ಜ್', ಮದ್ಯವನ್ನು ಮುಟ್ಟದವರಿಗೆ. ಸಂಸ್ಕೃತದಲ್ಲಿ 'ಮಧು' ಶಬ್ದವು ಜೇನಿಗೂ ಮದ್ಯಕ್ಕೂ ವಾಚಕವಾದುದು. ಯುರೋಪಿನ ಭಾಷೆಗಳಲ್ಲಿ ಜೇನುಮದ್ಯಕ್ಕಿರುವ ಹೆಸರುಗಳು ಅದರ ಸಜಾತೀಯಗಳೆಂಬುದು ಭಾಷಾಶಾಸ್ತ್ರದಲ್ಲಿ ಸಿದ್ಧವಾದ ವಿಷಯ. ತೆಜ್ ಆ ವಂಶದ ಶಬ್ದವಲ್ಲ, ಉತ್ತರದ ತಿಗ್ರಿನ್ಯಾ ಭಾಷೆಯಲ್ಲಿ ಅದೇ ಪಾನಕ್ಕಿರುವ 'ಮೇಸ್' ಎಂಬ ಹೆಸರೂ ಅಲ್ಲ. ಮಕಾರಮಾತ್ರದ ಸಾದೃಶ್ಯದಿಂದ ಮೇಸ್ ಶಬ್ದವನ್ನು ಮಧುವಿಗೆ ಕಟ್ಟುವುದು ಸಾಹಸವಾದೀತು. ಸಾಮಾನ್ಯ ಜನರ ಪಾನವು 'ತೆಲ್ಲಾ'. ಮೊಳೆತ ಧಾನ್ಯದಿಂದ ಮನೆಯಲ್ಲಿಯೇ ಹೆಂಗಸರು ಇದನ್ನು ಮಾಡುತ್ತಾರೆ.

ಕಾಫಿಗೆ ಆ ದೇಶದಲ್ಲಿ 'ಬುನ್ನಾ' ಎಂದು ಹೆಸರು. ಅದರ ಗಿಡವು ನೈರೃತ್ಯದ ಕಾಡುಗಳಲ್ಲಿ ಸ್ವಭಾವತಃ ಬೆಳೆಯುತ್ತದೆ. ಅಲ್ಲಿಯ ಕಾಫಾ ಎಂಬ ಪ್ರಾಂತದ ಹೆಸರಿನಿಂದಲೇ ಕಾಫಿಶಬ್ದವು ಹುಟ್ಟಿತೆಂಬ ಮಾತು ಬಹಳ ಪ್ರಚಾರದಲ್ಲಿದೆ. ಆದರೆ ಯುರೋಪಿನ ಭಾಷೆಗಳಿಗೆ ಆ ಶಬ್ದವು ತುರ್ಕಿಯ ದ್ವಾರಾ ಅರಬ್ಬಿಯ 'ಕಹ್ವಾ' ಎಂಬುದರಿಂದ ಬಂದುದು. ಅರಬ್ಬಿಯಲ್ಲಿ ಆ ಶಬ್ದವು ಮೊದಲು ದ್ರಾಕ್ಷಾಮದ್ಯಕ್ಕೆ ಸಲ್ಲುತ್ತಿದ್ದಿತು. ಇಲ್ಲಿಯೂ ಧ್ವನಿಯ ಹೋಲಿಕೆಯೇ ಸಂಬಂಧವೆಂದು ಭ್ರಮೆಹುಟ್ಟಿಸಿದೆ. ಒರೋಮೋ ಜನರಲ್ಲಿ ಕಾಫಿಯ ಕಾಯಿಗಳನ್ನು ಸಿಪ್ಪೆಸಹಿತವಾಗಿ ಬೆಣ್ಣೆಯಲ್ಲಿ ಹುರಿದು ತಿನ್ನುವ ಒಂದು ಆಚಾರವುಂಟು. ಅದರ ಹೆಸರಿಗೆ 'ಕಾಫಿಯ ವಧೆ' ಎಂದರ್ಥ, ಪಶುವಿನ ಸ್ಥಾನದಲ್ಲಿ ಕಾಫಿಯನ್ನು ಅರ್ಪಿಸಿದಂತೆ. ಮೇಲ್ನಾಡಿನ ಕ್ರೈಸ್ತರು ಕಾಫಿಯನ್ನು ಮುಸಲ್ಮಾನರ ಪಾನವೆಂದು ಬಹುಕಾಲ ದೂರವಿಟ್ಟಿದ್ದು, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮಾತ್ರ ಅದನ್ನು ಅಂಗೀಕರಿಸಿದರು. ಈಗಲಾದರೋ ಕಾಫಿಯ ಉಪಚಾರವಿಲ್ಲದ ಮನೆಯಿಲ್ಲ. ನೆಲದ ಮೇಲೆ ಹಸಿಹುಲ್ಲನ್ನು ಚೆಲ್ಲಿ, ಧೂಪವನ್ನು ಹಾಕಿ, ಹಸಿಯ ಬೀಜಗಳನ್ನು ಅತಿಥಿಗಳ ಮುಂದೆಯೇ ಹುರಿದು, ಆ ಹೊಗೆಯನ್ನು ಒಬ್ಬೊಬ್ಬರಿಗೂ ಆಘ್ರಾಣಿಸಲು ಕೊಟ್ಟು, ಒರಳಿನಲ್ಲಿ ಕುಟ್ಟಿ, 'ಜೆಬೆನಾ' ಎಂಬ ಮಣ್ಣಿನ ಹೂಜಿಯಲ್ಲಿ ಕುದಿಸುತ್ತಾರೆ. ಮೂರು ಸಲ ಬಡಿಸಬೇಕು: ಅಬೋಲ್, ತೋನಾ, ಬೆರೆಕಾ. ಮೊದಲೆರಡು ಅರಬ್ಬಿಯ ಒಂದನೆಯದು, ಎರಡನೆಯದು ಎಂಬ ಶಬ್ದಗಳ ವಿಕಾರವೆಂದೂ, ಮೂರನೆಯದು ಆಶೀರ್ವಾದವಾಚಕವೆಂದೂ ಹೇಳುವರು. ಮೂರನೆಯದನ್ನು ಕುಡಿಯದೆ ಏಳುವುದು ಆಶೀರ್ವಾದವನ್ನು ಬಿಟ್ಟುಹೋದಂತೆ.

ಇಲ್ಲಿಯವರೆಗೆ ಹೇಳಿದ ಸಾದೃಶ್ಯಗಳಲ್ಲಿ ಕರ್ಣಾಟಕಕ್ಕೆ ನಿಜವಾಗಿ ಸಂಬಂಧಿಸಿದುದು ಕಾಫಿಯೊಂದೇ. ಅದು ಯೆಮೆನ್ ದೇಶವನ್ನು ದಾಟಿ ಬಾಬಾಬುಡನ್ನನ ಮೂಲಕ ಚಿಕ್ಕಮಗಳೂರಿನ ಗಿರಿಗಳಿಗೆ ಬಂದಿತೆಂಬ ಐತಿಹ್ಯವು ಸರ್ವವಿದಿತ. ಹೆಚ್ಚು ವಿಚಾರಣೀಯವಾದ ಸಂಬಂಧಗಳು ಇನ್ನೆರಡು.

ಮೊದಲನೆಯದು 'ದಾಗುಸ್ಸಾ' ಎಂಬ ಧಾನ್ಯ. ಇದನ್ನು ಗೊಜ್ಜಾಮ್, ತಿಗ್ರಾಯ್ ಮೊದಲಾದ ಪ್ರಾಂತಗಳಲ್ಲಿ ಬೆಳೆದು ತೆಲ್ಲಾ ಮಾಡುವುದಕ್ಕೂ, ಇಂಜೆರಾದ ಹಿಟ್ಟಿಗೆ ಬೆರೆಸುವುದಕ್ಕೂ ಬಳಸುತ್ತಾರೆ. ಬಿಳಿಯ ಟೆಫ್ಫಿನ ಮುಂದೆ ಇದಕ್ಕೆ ಮರ್ಯಾದೆ ಕಡಮೆ. ಈ ದಾಗುಸ್ಸಾವೇ ನಮ್ಮ ರಾಗಿ. ಇಥಿಯೋಪಿಯಾದಿಂದ ಉಗಾಂಡಾದವರೆಗಿನ ಮೇಲ್ನಾಡುಗಳಲ್ಲಿ ಕಾಡುಹುಲ್ಲಿನಿಂದ ಕೃಷಿಗೆ ಬಂದು, ಪ್ರಾಚೀನಕಾಲದಲ್ಲಿಯೇ ಸಮುದ್ರವನ್ನು ದಾಟಿ ಭಾರತಕ್ಕೆ ಬಂದ ಧಾನ್ಯವಿದು. ಇಲ್ಲಿ ಉತ್ಖನನಗಳಲ್ಲಿ ರಾಗಿಯೆಂದು ಹಿಂದೆ ಗುರುತಿಸಿದ ಕಾಳುಗಳಲ್ಲಿ ಹಲವು ಬೇರೆ ಜಾತಿಯವೆಂದು ಈಚಿನವರು ತೋರಿಸಿರುವುದರಿಂದ ಬಂದ ಕಾಲವು ಚರ್ಚೆಯಲ್ಲಿದೆ; ಬಂದ ದಿಕ್ಕು ಚರ್ಚೆಯಲ್ಲಿಲ್ಲ. ಕನಕದಾಸರ ರಾಮಧಾನ್ಯ ಚರಿತ್ರೆಯಲ್ಲಿ ಅಕ್ಕಿಯೊಡನೆ ವಾದಮಾಡಿ ರಾಮನಿಂದ ಗೌರವವನ್ನು ಪಡೆದ ಧಾನ್ಯವು ಹೀಗೆ ಆಫ್ರಿಕಾದ ಮೂಲದ್ದು. ಆ ಕಾವ್ಯವನ್ನು ಪಾಠಹೇಳುವವರು ಈ ಸಂಗತಿಯನ್ನು ವಿದ್ಯಾರ್ಥಿಗಳಿಗೆ ತಿಳಿಸಿದರೆ, ಕುಲದ ವಿಷಯವಾಗಿ ಅಲ್ಲಿ ನಡೆಯುವ ವಾದಕ್ಕೆ ಮತ್ತೊಂದು ಅರ್ಥವು ಬರುತ್ತದೆ.

ಎರಡನೆಯದು ಮೇಲೆ ಹೇಳಿದ ನೂಗ್. ಹಳದಿಯ ಹೂ ಬಿಡುವ ಈ ಗಿಡವು ಇಥಿಯೋಪಿಯಾದ ಮೇಲ್ನಾಡಿನಲ್ಲಿ ಕೃಷಿಗೆ ಬಂದುದು. ಸಸ್ಯಶಾಸ್ತ್ರಜ್ಞರು ಇಟ್ಟ ಹೆಸರಿನಲ್ಲಿಯೂ ಅಬಿಸೀನಿಯಾ ದೇಶದ ಹೆಸರು ಸೇರಿದೆ. ಅಲ್ಲಿ ಇದು ಉಪವಾಸದ ದಿನಗಳ ಎಣ್ಣೆ. ಎಳ್ಳಿಗೆ ಅಲ್ಲಿ 'ಸೆಲಿತ್' ಎಂಬ ಬೇರೆಯೇ ಹೆಸರಿದ್ದು, ನೂಗ್ ಸ್ವತಂತ್ರನಾಮದಿಂದಲೇ ಮೆರೆಯುತ್ತದೆ. ಕರ್ಣಾಟಕದಲ್ಲಿ ಇದನ್ನು ರಾಗಿಯ ಹೊಲಗಳಲ್ಲಿ ಅಕ್ಕಡಿಸಾಲಾಗಿ ಬಿತ್ತುತ್ತಾರೆ. ಒಂದೇ ಸೀಮೆಯಿಂದ ಬಂದ ಎರಡು ಪೈರುಗಳು ಇಲ್ಲಿಯೂ ಒಂದೇ ಹೊಲದಲ್ಲಿ ನಿಂತಿವೆ. ಉತ್ತರದ ಜಿಲ್ಲೆಗಳಲ್ಲಿ ಇದರ ಚಟ್ನಿಪುಡಿಯು ರೊಟ್ಟಿಗೆ ನಿತ್ಯದ ಜೊತೆ. ಅಲ್ಲಿಯವರು ಇದನ್ನು ಗುರೆಳ್ಳು ಎನ್ನುತ್ತಾರೆ. ಮೈಸೂರಿನ ಕಡೆಯವರು, ಎಳ್ಳನ್ನು ಹೋಲುವುದು ಆದರೆ ಎಳ್ಳಲ್ಲ ಎಂಬ ಭಾವದಿಂದ, ಹುಚ್ಚೆಳ್ಳು ಎಂದು ಹೆಸರಿಟ್ಟಿದ್ದಾರೆ.